ಪರನಾಡಿನ ಪಾಲುದಾರ

ಕೂಡಿ ವ್ಯಾಪಾರ ಮಾಡುವುದು ನಮಗೆ ಹೊಸ ಸಂಗತಿಯಲ್ಲ. ಒಬ್ಬನ ಹೊಲ, ಇನ್ನೊಬ್ಬನ ಎತ್ತು. ಒಬ್ಬನ ದುಡ್ಡು, ಇನ್ನೊಬ್ಬನ ದುಡಿಮೆ. ಹೀಗೆ ಪಾಲಿನ ಮೇಲೆ ನಡೆಯುವ ಬದುಕು ನಮ್ಮ ಹಳ್ಳಿಗಳಿಗೆ ಬಹಳ ಹಿಂದಿನಿಂದ ತಿಳಿದದ್ದೇ. ಪಾಲುದಾರರಿಬ್ಬರೂ ಒಂದೇ ಓಣಿಯವರಾದರೆ ಅರ್ಧ ಸಂಗತಿ ಮಾತಾಡದೆಯೇ ತಿಳಿಯುತ್ತದೆ. ಆತನ ಮಾತಿಗೆ ಎಷ್ಟು ತೂಕ, ಸಿಟ್ಟಾದರೆ ಹೇಗೆ ನಡೆದುಕೊಳ್ಳುತ್ತಾನೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಇವನ್ನೆಲ್ಲ ಕಾಗದದ ಮೇಲೆ ಬರೆದಿಡಬೇಕಾಗಿಲ್ಲ. ಆದರೆ ಪಾಲುದಾರನು ಬೇರೆ ನಾಡಿನವನಾಗಿ, ಬೇರೆ ನುಡಿಯವನಾಗಿ, ಬೇರೆ ಬಗೆಯ ಕಾಯದೆಯ ಕೆಳಗೆ ಬೆಳೆದವನಾಗಿದ್ದರೆ? ಆಗ ಆಡದೆ ಉಳಿದ ಆ ಅರ್ಧ ಮಾತೇ ಮುಂದೆ ತೊಡಕಾಗಿ ನಿಲ್ಲುತ್ತದೆ.

ಯುರೋಪಿನ ಸಣ್ಣಪುಟ್ಟ ಕಾರಖಾನೆಯವರು ಚೀನದ ಪಾಲುದಾರರೊಡನೆ ಕೂಡಿ ಉದ್ಯಮ ನಡೆಸಲು ಹೋಗಿ ಕಳೆದ ನಾಲ್ಕು ದಶಕಗಳಲ್ಲಿ ಕಲಿತ ಪಾಠಗಳನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಚಡಚಣದ ಪೇಟೆಯಲ್ಲೋ ಇಂಡಿಯ ಲಿಂಬೆಯ ತೋಟದಲ್ಲೋ ಕುಳಿತು ಕೇಳುವವರಿಗೆ ಇದು ತೀರ ದೂರದ ಮಾತು ಎನ್ನಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಹೊರಗಿನವರೊಡನೆ ಕೂಡಿ ಬಾಳುವ ವಿದ್ಯೆಯಲ್ಲಿ ಗಡಿನಾಡಿನವರಾದ ನಮಗೆ ಮೊದಲಿನಿಂದಲೂ ಸ್ವಲ್ಪ ಪಳಗಿಕೆ ಉಂಟು.

ಚಡಚಣವನ್ನೇ ನೋಡಿರಿ. ಮೊದಲು ಇಂಡಿ ತಾಲೂಕಿಗೆ ಸೇರಿದ್ದು, 2018ರಿಂದ ತಾನೇ ತಾಲೂಕಿನ ಊರಾಗಿ ನಡೆದಿದೆ. ಸಾಹಿತ್ಯ ಬಲ್ಲವರು ಇದನ್ನು ಸಿಂಪಿ ಲಿಂಗಣ್ಣನವರು ಹುಟ್ಟಿದ ಊರೆಂದು ನೆನೆಯುತ್ತಾರೆ. ಉಳಿದವರು ಜವಳಿಯ ಪೇಟೆಯೆಂದು ನೆನೆಯುತ್ತಾರೆ. ಮನೆಯಲ್ಲಿ ಲಗ್ನ ಗೊತ್ತಾಯಿತೆಂದರೆ ಸೊಲ್ಲಾಪುರದ ಕಡೆಯ ಹಳ್ಳಿಯವರು ಕೂಡ ಜವಳಿ ತೆಗೆಯಲು ಇಲ್ಲಿಗೆ ಬರುವುದುಂಟು. ನಾವು ಮದುವೆಯ ಜವಳಿ ಎನ್ನುವುದನ್ನು ಅವರು ಬಸ್ತಾ ಎನ್ನುತ್ತಾರೆ. ಗಾದಿಯ ಮೇಲೆ ಕುಳಿತ ಅಂಗಡಿಕಾರನು ಒಂದು ಸೀರೆಯನ್ನು ಕನ್ನಡದಲ್ಲಿ ಬಿಚ್ಚಿ, ಇನ್ನೊಂದನ್ನು ಮರಾಠಿಯಲ್ಲಿ ಮಡಿಸುತ್ತಾನೆ. ಇಲ್ಲಿ ಯಾರೂ ಇದನ್ನು ದೊಡ್ಡ ಸಾಹಸವೆಂದು ತಿಳಿಯುವುದಿಲ್ಲ.

ನಮ್ಮ ಹಿರಿಯರು ಎರಡು ನುಡಿಗಳ ನಡುವೆ ವ್ಯಾಪಾರ ಸಾಗಿಸಲು ಕೆಲವು ಉಪಾಯಗಳನ್ನು ಕಂಡುಕೊಂಡಿದ್ದರು. ಒಂದು, ಲೆಕ್ಕದ ಬರಹ. ಈ ಭಾಗದ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿ ಕಾಣಸಿಗುತ್ತದೆ. ಆ ಬರಹ ಬಲ್ಲವನಿಗೆ ಗಡಿಯ ಎರಡೂ ಕಡೆಯ ಲೆಕ್ಕ ತಿಳಿಯುತ್ತಿತ್ತು. ಎರಡು, ಸಂಜ್ಞೆ. ದನದ ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ರೂಢಿಯನ್ನು ತಾವೆಲ್ಲ ಕಂಡಿದ್ದೀರಿ. ಅಲ್ಲಿ ಕನ್ನಡವೂ ಬೇಕಿಲ್ಲ, ಮರಾಠಿಯೂ ಬೇಕಿಲ್ಲ. ಮುರಿದ ಸವದಿಯಿಂದ ಯಾರ ಮರ್ಯಾದೆಯೂ ನಾಲ್ಕು ಜನರ ಮುಂದೆ ಹೋಗುವುದಿಲ್ಲ. ಮೂರು, ನಡುವಿನ ಮನುಷ್ಯ. ದಲಾಲಿಯನ್ನು ನಾವು ಎಷ್ಟು ಬೈದರೂ ಇಬ್ಬರ ಗುಣವನ್ನೂ ಬಲ್ಲವನು ಅವನೇ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಬರುವ ವಾರದ ಸಂತೆ. ಇಂದು ಮೋಸ ಮಾಡಿದವನು ಎಂಟು ದಿನಕ್ಕೆ ಅದೇ ಕಟ್ಟೆಗೆ ಬಂದು ಮುಖ ತೋರಿಸಬೇಕು. ಈ ನಾಲ್ಕನ್ನೂ ನೆನಪಿನಲ್ಲಿಟ್ಟುಕೊಂಡು ಈಗ ಚೀನದ ಕಡೆಗೆ ಹೋಗೋಣ.

ಬಹುಕಾಲ ಬಾಗಿಲು ಮುಚ್ಚಿಕೊಂಡಿದ್ದ ಚೀನವು 1979ರ ಜುಲೈ ತಿಂಗಳಲ್ಲಿ ಒಂದು ಕಾಯದೆ ಮಾಡಿತು. ಹೊರದೇಶದ ಕಂಪನಿಯು ಚೀನದ ಸಂಸ್ಥೆಯೊಂದರ ಜೊತೆ ಬಂಡವಾಳ ಕೂಡಿಸಿ ಅಲ್ಲಿ ಉದ್ಯಮ ನಡೆಸಬಹುದು ಎಂದಿತು. ಹೊರಗಿನವರ ಪಾಲು ಸಾಮಾನ್ಯವಾಗಿ ನೂರಕ್ಕೆ 25ಕ್ಕಿಂತ ಕಡಿಮೆ ಇರಬಾರದು. ಆಡಳಿತ ಮಂಡಳಿಯ ಅಧ್ಯಕ್ಷನು ಮಾತ್ರ ಚೀನದ ಕಡೆಯವನೇ ಆಗಿರಬೇಕು. ಈ ಎರಡನೆಯ ಕಟ್ಟನ್ನು 1990ರಲ್ಲಿ ಸಡಿಲಿಸಿದರು. 1984ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಶಾಂಘೈಯಲ್ಲಿ ಮೋಟಾರು ತಯಾರಿಸಲು ಕರಾರು ಮಾಡಿಕೊಂಡಿತು. ಮೊದಮೊದಲು ಬಿಡಿಭಾಗಗಳು ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತಿದ್ದವು. ಅವನ್ನು ಅಲ್ಲಿಯೇ ಮಾಡಬೇಕೆಂಬ ಒತ್ತಾಯ ಬಂದಾಗ ದೊಡ್ಡವರ ಬೆನ್ನು ಹತ್ತಿ ಸಣ್ಣವರೂ ಹೊರಟರು. ಬೋಲ್ಟು, ಸ್ಪ್ರಿಂಗು, ಪಂಪು, ನೆಯ್ಗೆಯ ಯಂತ್ರ, ಅಳತೆಯ ಉಪಕರಣ ಇಂಥವನ್ನು ತಯಾರಿಸುವ ಮನೆತನದ ಕಾರಖಾನೆಗಳು ಜರ್ಮನಿ, ಇಟಲಿಗಳಲ್ಲಿ ಬಹಳ. ಅಜ್ಜ ಕಟ್ಟಿದ್ದು, ಮಗ ಬೆಳೆಸಿದ್ದು, ಮೊಮ್ಮಗ ನಡೆಸುವುದು. ಇಂಥ ಮೊಮ್ಮಗನೊಬ್ಬ ಚೀನದ ಯಾವುದೋ ಪಟ್ಟಣದಲ್ಲಿ ಮಾತುಕತೆಗೆ ಕುಳಿತಾಗ ಏನು ನಡೆಯುತ್ತದೆ?

ಮೊದಲ ತೊಡಕು ಕರಾರಿನದು. ಜರ್ಮನಿಯವನಿಗೆ ಸಹಿ ಬಿದ್ದರೆ ಮಾತು ಮುಗಿಯಿತು. ಮುಂದೆ ಏನೇ ಬಂದರೂ ಕಾಗದದಲ್ಲಿ ಇದ್ದಂತೆ ನಡೆಯಬೇಕು. ಚೀನದ ವ್ಯಾಪಾರಿಗೆ ಅನೇಕ ವೇಳೆ ಸಹಿಯೆಂದರೆ ನಂಟಸ್ತಿಕೆಯ ಆರಂಭ. ಕಾಲ ಬದಲಾದರೆ, ದರ ಏರಿದರೆ, ಸರಕಾರದ ಧೋರಣೆ ತಿರುಗಿದರೆ, ಕೂಡಿದವರು ಮತ್ತೆ ಕುಳಿತು ಮಾತಾಡುವುದು ಅವನ ದೃಷ್ಟಿಯಲ್ಲಿ ಸಹಜ. ಗ್ವಾನ್ಶಿ ಎಂಬ ಮಾತು ಅವರಲ್ಲಿ ಉಂಟು. ನಮ್ಮಲ್ಲಿ ಬಳಕೆ, ಹೊಂದಾಣಿಕೆ, ಒಬ್ಬರಿಗೊಬ್ಬರು ಆಗುವುದು ಎನ್ನುವ ಮಾತುಗಳಲ್ಲಿ ಇರುವ ಅರ್ಥಕ್ಕೆ ಅದು ಹತ್ತಿರ. ಒಬ್ಬನು ಮರುಮಾತುಕತೆಗೆ ಕರೆದಾಗ ಇನ್ನೊಬ್ಬನು ವಚನಭಂಗವೆಂದು ಭಾವಿಸುತ್ತಾನೆ. ಇವನು ವಕೀಲನನ್ನು ಕರೆತಂದಾಗ ಅವನು ನಂಬಿಕೆಯೇ ಹೋಯಿತೆಂದು ನೊಂದುಕೊಳ್ಳುತ್ತಾನೆ. ಇಬ್ಬರೂ ತಮ್ಮ ತಮ್ಮ ಮನೆಯ ನೀತಿಯಂತೆ ನಡೆದಿರುತ್ತಾರೆ.

ಎರಡನೆಯದು ಹೌದು ಅಲ್ಲಗಳ ತೊಡಕು. ಆಗುವುದಿಲ್ಲ ಎಂದು ನೇರವಾಗಿ ಹೇಳಿ ಎದುರಿನವನ ಮುಖ ಬಾಡಿಸುವುದನ್ನು ಚೀನದವರು ಬಯಸುವುದಿಲ್ಲ. ಅಭ್ಯಾಸ ಮಾಡೋಣ, ವಿಚಾರ ಮಾಡೋಣ ಎಂಬ ಅರ್ಥದ ಮಾತನ್ನು ಎರಡು ಸಲ ಹೇಳಿದರೆಂದರೆ ಆ ಕೆಲಸ ಆಗಲಾರದು ಎಂದು ಅಲ್ಲಿನವರೆಲ್ಲ ತಿಳಿಯುತ್ತಾರೆ. ಯುರೋಪಿನವನು ಮಾತ್ರ ಅದನ್ನು ನಂಬಿ ಮೂರು ತಿಂಗಳು ದಾರಿ ಕಾಯುತ್ತಾನೆ. ನಮಗೆ ಇದು ವಿಚಿತ್ರವೆನಿಸಬಾರದು. ಉದ್ರಿ ಕೇಳಲು ಬಂದವನಿಗೆ ನಮ್ಮ ಅಂಗಡಿಕಾರನು “ನೋಡೋಣಂತ, ನಾಳೆ ಬರ್ರಿ” ಎಂದರೆ ಬಂದವನು ಎದ್ದು ಹೋಗುತ್ತಾನೆ, ನಾಳೆ ಬರುವುದಿಲ್ಲ. ಹಾಗೆಯೇ ಸಭೆಯಲ್ಲಿ ಹಿರಿಯ ಅಧಿಕಾರಿಯ ತಪ್ಪನ್ನು ಕಿರಿಯರೆದುರು ಎತ್ತಿ ತೋರಿಸಿದ ಯುರೋಪಿನ ಇಂಜಿನಿಯರನು ತಾನು ಯಂತ್ರದ ದೋಷ ಹೇಳಿದೆನೆಂದು ತಿಳಿದಿರುತ್ತಾನೆ. ಕೇಳಿದವನಿಗೆ ಅದು ಮಾನದ ಪ್ರಶ್ನೆಯಾಗಿರುತ್ತದೆ.

ಮೂರನೆಯದು ಅಧಿಕಾರ ಯಾರ ಕೈಯಲ್ಲಿ ಎಂಬುದು. ಮಂಡಳಿಯಲ್ಲಿ ಮತ ಎಣಿಸಿದರೆ ಆಯಿತೆಂದು ಹೊರಗಿನವರು ತಿಳಿಯುತ್ತಾರೆ. ಚೀನದಲ್ಲಿ ಕಂಪನಿಗೆ ಒಂದು ಅಧಿಕೃತ ಮೊಹರು ಇರುತ್ತದೆ, ನಮ್ಮ ಕಡೆಯ ಮಾತಿನಲ್ಲಿ ಶಿಕ್ಕಾ. ಕೆಂಪು ಮಸಿಯ ಆ ಶಿಕ್ಕಾ ಯಾರ ಕಪಾಟಿನಲ್ಲಿದೆಯೋ ಅವನೇ ಕಂಪನಿಯ ಹೆಸರಿನಲ್ಲಿ ವ್ಯವಹರಿಸಬಲ್ಲ. ಇಂಗ್ಲಂಡಿನ ಆರ್ಮ್ ಕಂಪನಿ ಸಣ್ಣದೇನೂ ಅಲ್ಲ. ಅದು ಪಾಲು ಹೊಂದಿದ ಚೀನದ ಕಂಪನಿಯ ಮಂಡಳಿಯು 2020ರಲ್ಲಿ ಮುಖ್ಯಾಧಿಕಾರಿಯನ್ನು ತೆಗೆಯಲು ನಿರ್ಣಯಿಸಿತು. ಶಿಕ್ಕಾ ಆತನ ಕೈಯಲ್ಲಿಯೇ ಇತ್ತು, ಆತನು ಬಿಡಲಿಲ್ಲ. 2022ರ ಏಪ್ರಿಲ್‌ವರೆಗೆ ಆ ಗೋಜು ಬಗೆಹರಿಯಲಿಲ್ಲ. ದೊಡ್ಡವರಿಗೆ ಹೀಗಾದರೆ ಎಪ್ಪತ್ತು ಎಂಬತ್ತು ಆಳಿನ ಕಾರಖಾನೆಯವನ ಗತಿ ಏನು?

ನಾಲ್ಕನೆಯದು ಲಾಭದ ಲೆಕ್ಕ. ಸಣ್ಣ ಮನೆತನದವನು ಹಾಕಿದ ದುಡ್ಡು ಬೇಗ ತಿರುಗಿ ಬರಲೆಂದು ಎದುರು ನೋಡುತ್ತಾನೆ. ಪಾಲುದಾರನು ಬಂದ ಲಾಭವನ್ನೆಲ್ಲ ಮತ್ತೆ ಹೂಡಿ ಕಾರಖಾನೆ ಹಿಗ್ಗಿಸಬೇಕೆನ್ನುತ್ತಾನೆ. ಫ್ರಾನ್ಸಿನ ದಾನೋನ್ ಕಂಪನಿ 1996ರಲ್ಲಿ ವಾಹಾಹಾ ಎಂಬ ಪಾನೀಯದ ಸಂಸ್ಥೆಯೊಡನೆ ಕೂಡಿತು. ಅದೇ ಹೆಸರಿನಲ್ಲಿ ಪಾಲುದಾರರು ಪಕ್ಕದಲ್ಲಿ ಬೇರೆ ಕಂಪನಿಗಳನ್ನು ನಡೆಸುತ್ತಿದ್ದಾರೆಂದು 2007ರಲ್ಲಿ ಬಹಿರಂಗವಾಗಿ ಜಗಳ ಎದ್ದಿತು. 2009ರಲ್ಲಿ ದಾನೋನ್ ತನ್ನ ನೂರಕ್ಕೆ 51ರ ಪಾಲನ್ನು ಮಾರಿ ಹೊರಬಿದ್ದಿತು. ಅರ್ಧಕ್ಕಿಂತ ಹೆಚ್ಚು ಪಾಲು ಇದ್ದರೂ ಹಿಡಿತ ಕೈಯಲ್ಲಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಒಂದೇ ಕಡೆಯ ಫಿರ್ಯಾದಾದೀತು. ಚೀನದವರ ದೂರುಗಳೂ ಉಂಟು. ಹೊರಗಿನವರು ತಾವು ಗುರುಗಳೆಂದೂ ಇವರು ಶಿಷ್ಯರೆಂದೂ ಭಾವಿಸುತ್ತಾರೆ. ತಮ್ಮಲ್ಲಿ ಹಳತಾದ ಯಂತ್ರವನ್ನು ತಂದು ಹೊಸದರ ಬೆಲೆ ಹಚ್ಚುತ್ತಾರೆ. ಎರಡು ವರ್ಷಕ್ಕೊಬ್ಬ ಮ್ಯಾನೇಜರನನ್ನು ಬದಲಿಸುತ್ತಾರೆ. ಬಂದವನು ಪರಿಚಯ ಬೆಳೆಸುವಷ್ಟರಲ್ಲಿ ಹೋಗುವ ದಿನ ಬರುತ್ತದೆ. ಊಟಕ್ಕೆ ಕರೆದರೆ ಗಡಿಯಾರ ನೋಡುತ್ತಾರೆ. ಇಟಲಿ, ಫ್ರಾನ್ಸುಗಳಲ್ಲಿ ಆಗಸ್ಟ್ ಬಂತೆಂದರೆ ಕಾಗದಕ್ಕೆ ಉತ್ತರವಿಲ್ಲ. ಚೀನದಲ್ಲಿ ಚಾಂದ್ರಮಾನದ ಹೊಸ ವರ್ಷಕ್ಕೆ ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಕೆಲಸಗಾರರೆಲ್ಲ ಊರಿಗೆ ಹೋಗುತ್ತಾರೆ. ಆಗ ಕಾರಖಾನೆ ಬಂದು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ದಿನ ಆ ಊರಿನಲ್ಲಿ ವಸೂಲಿಗೆ ಹೋಗಬಾರದೆಂದು ನಮ್ಮ ವ್ಯಾಪಾರಿಗೆ ಯಾರೂ ಕಲಿಸಿಕೊಡಬೇಕಿಲ್ಲ. ದೂರದವನಿಗೆ ಕಲಿಸಿಕೊಡಬೇಕಾಗುತ್ತದೆ.

ಹಾಗಾದರೆ ಈ ತೊಡಕುಗಳು ದೊಡ್ಡ ಕಂಪನಿಗಳಿಗಿಂತ ಸಣ್ಣವರನ್ನೇ ಹೆಚ್ಚು ಕಾಡುವುದೇಕೆ? ದೊಡ್ಡವರಿಗೆ ವಕೀಲರುಂಟು, ದುಭಾಷಿಗಳುಂಟು, ಐದು ವರ್ಷ ನಷ್ಟ ತಾಳುವ ಚೀಲವುಂಟು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ನಡೆಯುತ್ತದೆ. ಸಣ್ಣವನಿಗೆ ಕಳಿಸಲು ಇರುವವನು ಒಬ್ಬನೇ ನಂಬಿಕೆಯ ಫೋರಮನ್. ಅವನು ಅಲ್ಲಿಗೆ ಹೋದರೆ ಮನೆಯ ಕಾರಖಾನೆಯ ಕೆಲಸ ಕುಂದುತ್ತದೆ. ಮಾತುಕತೆಯಲ್ಲಿ ಕುಳಿತ ದುಭಾಷಿಯೂ ಬಹಳ ಸಲ ಎದುರಿನವರು ಒದಗಿಸಿದವನೇ. ಅವನು ಸುಳ್ಳು ಹೇಳುತ್ತಾನೆಂದಲ್ಲ. ಯಾವ ಮಾತನ್ನು ಒತ್ತಿ ಹೇಳಬೇಕು, ಯಾವುದನ್ನು ಮೆತ್ತಗೆ ದಾಟಿಸಬೇಕು ಎಂಬುದನ್ನು ಅವನು ತನ್ನ ಯಜಮಾನನ ಮುಖ ನೋಡಿ ಗೊತ್ತುಮಾಡುತ್ತಾನೆ. ಇನ್ನು ಸಣ್ಣವನ ಬಂಡವಾಳವೆಂದರೆ ಹೆಚ್ಚಾಗಿ ಒಂದೇ ಒಂದು ಕಸಬು, ಅವನ ಮನೆಗಷ್ಟೇ ಗೊತ್ತಿದ್ದ ಒಂದು ಕುಶಲತೆ. ಅದು ಪಾಲುದಾರನಿಗೆ ತಿಳಿದ ದಿನ ಅವನ ಅಗತ್ಯವೇ ಮುಗಿದುಹೋಗಬಹುದು.

ಕರ್ನಾಟಕಕ್ಕೂ ಇಂಥ ಕೂಡಾಟಗಳ ಪರಿಚಯ ಚೆನ್ನಾಗಿಯೇ ಇದೆ. ಬೆಂಗಳೂರಿನ ಹಿಂದುಸ್ತಾನ ಮಶಿನ್ ಟೂಲ್ಸ್ ಸಂಸ್ಥೆಗೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯೊಡನೆ 1949ರಲ್ಲಿ ಆದ ಒಪ್ಪಂದವೇ ತಳಹದಿ. ಸಂಸ್ಥೆ ಹುಟ್ಟಿದ್ದು 1953ರಲ್ಲಿ. ಜರ್ಮನಿಯ ಬಾಷ್ ಕಂಪನಿಯ ನೆರವಿನ ಮೈಕೋ 1951ರಲ್ಲಿ ಬಂದಿತು. ಮೈಸೂರಿನ ಐಡಿಯಲ್ ಜಾವಾ ಕಾರಖಾನೆ 1961ರಿಂದ ಜೆಕ್ ನಾಡಿನ ಜಾವಾ ಮೋಟಾರ್ ಸಾಯಕಲ್ಲನ್ನು ಅವರ ಪರವಾನಿಗೆಯ ಮೇಲೆ ತಯಾರಿಸಿತು. 1973ರಲ್ಲಿ ಯೆಜ್ಡಿ ಎಂಬ ತನ್ನದೇ ಹೆಸರನ್ನು ಇಟ್ಟುಕೊಂಡು, 1996ರಲ್ಲಿ ಮುಚ್ಚುವವರೆಗೂ ನಡೆಯಿತು. ಕಲಿತ ವಿದ್ಯೆಯನ್ನು ತನ್ನದಾಗಿ ಮಾಡಿಕೊಂಡ ಪಾಲುದಾರನ ಕಥೆ ಇದು. ಇದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಚೀನದವನು ಕಲಿತದ್ದನ್ನು ತನ್ನದಾಗಿಸಿಕೊಂಡರೆ ಯುರೋಪಿನವನಿಗೆ ನೋವು. ಕಲಿಯುವವನ ಜಗಲಿಯಿಂದ ಒಂದು ನೋಟ, ಕಲಿಸಿದವನ ಜಗಲಿಯಿಂದ ಇನ್ನೊಂದು ನೋಟ.

ನಮ್ಮ ಗಡಿಗೆ ಇನ್ನೂ ಹತ್ತಿರದ ಉದಾಹರಣೆ ಕಿರ್ಲೋಸ್ಕರರದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸಾಯಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣದ ನೇಗಿಲು ಭೂಮಿಗೆ ವಿಷವಾದೀತೆಂದು ಒಕ್ಕಲಿಗರು ಅಂಜಿದ್ದರಿಂದ ಮೊದಲ ನೇಗಿಲು ಮಾರಲು ಅವರು ಬಹುದಿನ ಕಾಯಬೇಕಾಯಿತು. ಆ ಮನೆತನದವರು 1997ರಲ್ಲಿ ಜಪಾನಿನ ಟೊಯೋಟಾ ಕಂಪನಿಯೊಡನೆ ಕೂಡಿ ಬಿಡದಿಯಲ್ಲಿ ಮೋಟಾರು ಕಾರಖಾನೆ ಹೂಡಿದರು. ತಪ್ಪು ಕಂಡ ಕೂಡಲೇ ಕೆಲಸಗಾರನೇ ಹಗ್ಗ ಎಳೆದು ಸಾಲಿನ ಕೆಲಸವನ್ನು ನಿಲ್ಲಿಸಬೇಕೆಂಬುದು ಜಪಾನಿನವರ ಪದ್ಧತಿ. ಹಿರಿಯರ ಮುಂದೆ ಬಾಯಿ ತೆರೆಯಬಾರದೆಂದು ಬೆಳೆದ ಹುಡುಗನಿಗೆ ಇದು ಸುಲಭವಲ್ಲ. 2006ರ ಜನವರಿಯಲ್ಲಿಯೂ 2020ರ ನವೆಂಬರದಲ್ಲಿಯೂ ಅಲ್ಲಿ ಮುಷ್ಕರ, ಬೀಗಮುದ್ರೆಗಳಾದವು. ನಡುವೆ 2007ರಲ್ಲಿ ಬಡ ಹಳ್ಳಿಯ ಹುಡುಗರಿಗಾಗಿ ಮೂರು ವರ್ಷದ ತರಬೇತಿ ಶಾಲೆಯೊಂದನ್ನೂ ತೆರೆದರು. ಕಾರಖಾನೆ ಇಂದಿಗೂ ನಡೆದಿದೆ. ಜಗಳವೇ ಆಗದ ಕೂಡಾಟ ಎಲ್ಲಿಯೂ ಇಲ್ಲ. ಜಗಳವಾದ ಮೇಲೂ ಮಾತಿಗೆ ಕುಳಿತುಕೊಳ್ಳುವ ಜಾಗ ಉಳಿದಿದೆಯೇ ಎಂಬುದೇ ಮುಖ್ಯ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಾಲಂಡಿನ ಹಾಫ್‌ಸ್ಟೆಡ್ ಎಂಬ ವಿದ್ವಾಂಸರು ಒಂದೇ ಕಂಪನಿಗೆ ಅನೇಕ ದೇಶಗಳಲ್ಲಿ ದುಡಿಯುವವರ ಮನೋಧರ್ಮವನ್ನು ಪ್ರಶ್ನೆ ಕೇಳಿ ಅಳೆದು 1980ರಲ್ಲಿ ಗ್ರಂಥವೊಂದನ್ನು ಹೊರತಂದರು. ಆ ಬಳಿಕ ಎಲ್ಲ ಬಿರುಕಿಗೂ ಸಂಸ್ಕೃತಿಯ ಹೆಸರು ಹೇಳುವ ರೂಢಿ ಬೆಳೆಯಿತು. “ಅವರ ಜನವೇ ಹಾಗೆ” ಎಂಬ ಮಾತು ಬಹಳ ಸಲೀಸು. ಆದರೆ ಲೆಕ್ಕ ತೋರಿಸದಿರುವುದು ಸಂಸ್ಕೃತಿಯಲ್ಲ, ಲೆಕ್ಕ ತೋರಿಸದಿರುವುದೇ. ಓದದೆ ಸಹಿ ಹಾಕಿದ್ದು ನಾಗರಿಕತೆಗಳ ಭೇದವಲ್ಲ, ಅಜಾಗರೂಕತೆ. ಒಬ್ಬನ ಹತ್ತಿರ ಪೇಟೆಯೂ ಅಧಿಕಾರವೂ ಇದ್ದು ಇನ್ನೊಬ್ಬನ ಹತ್ತಿರ ಬರಿಯ ಆಸೆಯಿದ್ದರೆ, ಇಬ್ಬರೂ ಒಂದೇ ನುಡಿಯವರಾದರೂ ಸೋಲುವವನು ಆಸೆಯವನೇ. ನಡವಳಿಕೆಯ ಭೇದ ಎಲ್ಲಿ ಮುಗಿಯುತ್ತದೆ, ಬಲಾಬಲದ ಭೇದ ಎಲ್ಲಿ ಸುರುವಾಗುತ್ತದೆ ಎಂಬುದನ್ನು ತೂಗಿ ನೋಡುವುದೇ ಸಣ್ಣ ಉದ್ಯಮಿಯ ಜಾಣತನ.

ನಮ್ಮ ಜಿಲ್ಲೆಯವರಿಗೆ ಈ ಮಾತು ಇಂದು ಬೇಕಾಗಿದೆ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಗಡಿ ದಾಟಿ ತಾಸಗಾಂವ, ಸಾಂಗಲಿಯ ಪೇಟೆಗಳಿಗೆ ಹೋಗುತ್ತದೆ. ಸವದಿ ಅಲ್ಲಿಯದು, ಪಟ್ಟಿ ಮರಾಠಿಯದು, ಬೆವರು ನಮ್ಮದು. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಹೆಸರು ಬಂದಲ್ಲಿಗೆ ಹೊರಗಿನ ವ್ಯಾಪಾರಿ ಬರುತ್ತಾನೆ. ನಾಳೆ ರೈತರ ಸಂಘವೊಂದು ದೂರದ ಕಂಪನಿಯೊಡನೆ ರಸದ ಕಾರಖಾನೆಗೋ ಶೀತಗೃಹಕ್ಕೋ ಕೂಡಿಕೊಳ್ಳಬೇಕಾಗಿ ಬಂದರೆ ನೆನಪಿಡಬೇಕಾದ ಮಾತು ಹೆಚ್ಚಿಲ್ಲ.

ಕಾಗದಕ್ಕಿಂತ ಮೊದಲು ಮನುಷ್ಯನನ್ನು ನೋಡಿರಿ. ಅವನ ಊರಿಗೆ ಹೋಗಿ, ಅವನೊಡನೆ ಮೊದಲೇ ವ್ಯವಹರಿಸಿದವರನ್ನು ಕಂಡು ಬನ್ನಿರಿ. ಎರಡೂ ನುಡಿ ಬಲ್ಲ ಒಬ್ಬನನ್ನು ನಿಮ್ಮವನನ್ನಾಗಿ, ನಿಮ್ಮ ಖರ್ಚಿನಿಂದಲೇ ಇಟ್ಟುಕೊಳ್ಳಿರಿ. ಅಲ್ಲಿ ಉಳಿಸಿದ ದುಡ್ಡು ಮುಂದೆ ಹತ್ತುಪಟ್ಟು ಹೋಗುತ್ತದೆ. ಕರಾರು ಕನ್ನಡದಲ್ಲಿಯೂ ಇರಲಿ. ಎರಡು ಪ್ರತಿಗಳಲ್ಲಿ ಭೇದ ಬಂದರೆ ಯಾವುದು ಊರ್ಜಿತವೆಂಬುದನ್ನೂ ಬರೆಯಿರಿ. ಶಿಕ್ಕಾ, ಬ್ಯಾಂಕಿನ ಸಹಿ, ಕೀರ್ದಿ ಪುಸ್ತಕ, ಗೋದಾಮಿನ ಬೀಗದ ಕೈ, ಈ ನಾಲ್ಕೂ ಒಂದೇ ಕೈಯಲ್ಲಿ ಇರದಂತೆ ನೋಡಿಕೊಳ್ಳಿರಿ. ವರ್ಷ ಯಾವಾಗ ಮುಗಿಯುತ್ತದೆಂದು ಮೊದಲೇ ಗೊತ್ತುಮಾಡಿರಿ. ನಮ್ಮ ಪೇಟೆಯಲ್ಲಿ ದೀಪಾವಳಿ ಪಾಡ್ಯಕ್ಕೆ ಹೊಸ ವಹಿ, ಸರಕಾರಕ್ಕೆ ಏಪ್ರಿಲ್ ಒಂದಕ್ಕೆ, ಚೀನದವನಿಗೆ ಜನವರಿ ಒಂದಕ್ಕೆ. ಊಟದ ಹೊತ್ತಿನಲ್ಲಿ ಆದ ಮಾತನ್ನು ಮರುದಿನ ಬರೆದು, “ನಾವು ಹೀಗೆ ತಿಳಿದುಕೊಂಡಿದ್ದೇವೆ, ಸರಿಯೇ?” ಎಂದು ಕಳಿಸಿರಿ. ಕೊನೆಯದಾಗಿ, ಬೇರಾಗುವ ಬಗೆಯನ್ನು ಕೂಡುವ ದಿನವೇ ಬರೆಯಿರಿ. ಇದು ಅಪಶಕುನವಲ್ಲ. ಅಣ್ಣತಮ್ಮಂದಿರ ವಾಟಣಿಯಲ್ಲಿ ಬಾವಿಯ ನೀರಿನ ಪಾಳಿಯನ್ನು ಬರೆಯದೆ ಬಿಟ್ಟು ಮುಂದೆ ಕೋರ್ಟಿನ ಮೆಟ್ಟಿಲು ಸವೆಸಿದ ಮನೆಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚೀನದ ಆ ಹಳೆಯ ಕಾಯದೆ 2020ರ ಜನವರಿ ಒಂದಕ್ಕೆ ರದ್ದಾಗಿ ಹೊಸದು ಬಂದಿದೆ. ಹಿಂದಿನ ಕೂಡು ಕಂಪನಿಗಳು ಹೊಸ ರೀತಿಗೆ ಹೊಂದಿಕೊಳ್ಳಲು ಐದು ವರ್ಷದ ವಾಯಿದೆ ಕೊಟ್ಟಿದ್ದರು. ಕಾಯದೆಗಳು ಹೀಗೆ ಬರುತ್ತವೆ, ಹೋಗುತ್ತವೆ. ಪಾಲುದಾರನ ನುಡಿಯನ್ನು ನಾಲ್ಕು ಮಾತಾದರೂ ಕಲಿಯುವುದು, ಅವನ ಹಬ್ಬವನ್ನು ನೆನಪಿಡುವುದು, ಅವನ ಮೌನವನ್ನು ಕೇಳಿ ತಿಳಿಯುವುದು, ಇದರ ಜೊತೆಗೆ ತನ್ನ ಲೆಕ್ಕವನ್ನು ತಾನೇ ಬರೆದಿಡುವುದು, ಇವು ಯಾವ ಕಾಯದೆ ಬದಲಾದರೂ ಕೆಲಸಕ್ಕೆ ಬರುವ ಗುಣಗಳು. ಎರಡು ನುಡಿಯ ಪೇಟೆಯಲ್ಲಿ ಬೆಳೆದವರಿಗೆ ಮೊದಲಿನ ಮೂರು ಸಹಜವಾಗಿ ಬಂದಿರುತ್ತವೆ. ನಾಲ್ಕನೆಯದನ್ನು ಮಾತ್ರ ಪ್ರಯತ್ನದಿಂದ ಬೆಳೆಸಿಕೊಳ್ಳಬೇಕು.